ಉಪ್ಪಿನಾಗರದ ಸಿಹಿನೀರಿನ ಬಾವಿ

ಕಣ್ಣು ಮುಚ್ಚು ಮಗಾ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ ಸಮುದ್ರದ ಪಕ್ಕ ಒಂದು ಉಪ್ಪಿನ ಆಗರ ಇತ್ತಂತೆ. ಸಮುದ್ರದ ನೀರನ್ನ ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಕೆರೆದು ಗುಡ್ಡೆ ಹಾಕೋದು ಹೆಂಗಸರ ಕೆಲಸ. ಆಗರ ಒಬ್ಬ ಒಡೆಯಂದು. ಎಲ್ಲಿ ನೋಡಿದರೂ ಉಪ್ಪುನೀರು, ಹತ್ರದಲ್ಲಿ ಸಿಹಿನೀರಿಗೆ ಇದ್ದದ್ದು ಒಂದೇ ಬಾವಿ. ಮಧ್ಯಾಹ್ನ ಹೆಂಗಸರು ಅಲ್ಲಿ ನೀರು ಕುಡಿದು, ನೆರಳಲ್ಲಿ ಸ್ವಲ್ಪ ಕೂತು ಬರ್ತಿದ್ದರಂತೆ. ಅವರು ಕೂತಿದ್ದು ಕಂಡರೆ ಒಡೆಯನಿಗೆ ಹೊಟ್ಟೆಯುರಿ. ಬಾವಿ ಸುತ್ತ ಗೋಡೆ ಕಟ್ಟಿಸಿ, ಬಾಗಿಲು ಇಡಿಸಿ, ಬೀಗ ಹಾಕಿದ. ಇನ್ನು ಸಂಜೆ ಕೆಲಸ ಮುಗಿದ ಮೇಲೇ ನೀರು ಅಂದನಂತೆ.

ಆಮೇಲೆ ಏನಾಯ್ತು, ಸೋಮಿ ಅಂತ ಒಬ್ಬ ಬಸುರಿ ಬಿಸಿಲಿಗೆ ಬವಳಿ ಬಂದು ಮಡಿಯೊಳಗೇ ಬಿದ್ದಳಂತೆ. ಬಾಯಿಗೆ ಬಿಡೋಕೆ ಯಾರ ಹತ್ರಾನೂ ಒಂದು ಗುಟುಕು ನೀರಿಲ್ಲ. ಅವಳ ಅತ್ತಿಗೆ ಬೀರಿ ಓಡಿಹೋಗಿ, ಬೀಗ ತೆಗೀರಿ ಒಡೆಯಾ ಅಂದರೆ, ಎದುರಿಗೆ ಅಷ್ಟು ದೊಡ್ಡ ಸಮುದ್ರ ಇದೆಯಲ್ಲೇ, ಬೇಕಾದಷ್ಟು ಕುಡೀರಿ ಅಂದನಂತೆ. ದೂರದ ಹಳ್ಳದಿಂದ ನೀರು ತಂದು ಸೋಮಿಯನ್ನ ಎಬ್ಬಿಸಿದರು.

ಇವತ್ತೇ ಕೆಲಸ ಬಿಡೋಣ ಅಂದರು ಎಲ್ಲರೂ. ಬೀರಿ ಬೇಡ ಅಂದಳಂತೆ. ಈಗ ಬಿಟ್ಟರೆ ಅವನು ಸುಮ್ಮನೆ ಕಾಯ್ತಾನೆ, ಬಿಸಿಲು ಅವನ ಕಡೆ ಇದೆ. ಮೋಡ ಬರಲಿ. ಮೋಡ ನಮ್ಮ ಕಡೆ.

ಯಾಕೆ ಅಂತೀಯಾ? ಮಳೆಗೆ ಮುಂಚೆ ಉಪ್ಪಿನ ಗುಡ್ಡೆಗಳಿಗೆ ತೆಂಗಿನ ಮಡಲು ಹೊದಿಸಬೇಕು ಮಗಾ. ಇಲ್ಲದಿದ್ರೆ ವರ್ಷದ ದುಡಿಮೆಯೆಲ್ಲ ಕರಗಿ ಹೋಗತ್ತೆ.

ಬೇಸಿಗೆ ಪೂರ್ತಿ ಬಾಯಿ ಮುಚ್ಕೊಂಡು ದುಡಿದರು. ಗುಡ್ಡೆಗಳು ಮನೆಯೆತ್ತರ ಬೆಳೆದವು. ಸಮುದ್ರದ ಮೇಲೆ ಮೊದಲ ಮೋಡ ಕಂಡ ದಿನ ಎಲ್ಲರೂ ಗುಡ್ಡೆಗಳ ಮುಂದೆ ಕಾಲು ಚಾಚಿ ಕೂತುಬಿಟ್ಟರಂತೆ. ಒಡೆಯ ಬಂದ. ಏನ್ರೇ, ಮಡಲು ಯಾರು ಹೊದಿಸ್ತಾರೆ? ಬಾವಿ ಬಾಗಿಲು ಕೀಳಿ, ಹೊದಿಸ್ತೀವಿ ಅಂದಳು ಬೀರಿ. ನಿಮ್ಮ ಗುಡಿಸಲು ಕಿತ್ತು ಹಾಕಿಸ್ತೀನಿ ಅಂತ ಕೂಗಾಡಿದ. ಹಾಕಿಸಿ ಒಡೆಯಾ, ಆದರೆ ಕೀಳೋಕೆ ನಿಮ್ಮ ಆಳುಗಳೇ ಬರಬೇಕು, ಅವರೆಲ್ಲ ನಮ್ಮ ಗಂಡಂದಿರು, ಸಂಜೆ ಊಟಕ್ಕೆ ಎಲ್ಲಿಗೆ ಹೋಗ್ತಾರೆ ಕೇಳ್ನೋಡಿ ಅಂದಳಂತೆ. ಆಳುಗಳು ನೆಲ ನೋಡ್ತಾ ನಿಂತರು.

ಮೋಡ ಇನ್ನಷ್ಟು ಹತ್ರ ಬಂತು. ಆಮೇಲೆ ಒಡೆಯ ಸೋಮಿಯನ್ನ ಒಬ್ಬಳನ್ನೇ ಕರೆದನಂತೆ. ಬಸುರಿ ನೀನು, ತಗೋ ಬೀಗದಕೈ, ಬೇಕಾದಾಗ ಕುಡಿ, ಹೋಗಿ ಮಡಲು ಹೊರು ಅಂದ. ಸೋಮಿಗೆ ನಾಲಿಗೆ ಒಣಗಿತ್ತು. ಬೀಗದಕೈ ತಗೊಂಡಳು. ಸೋಮಿ ಒಂದು ಕೊಡ ನೀರು ಸೇದಿ, ಅಲ್ಲೇ ಕುಡೀದೆ ಸೊಂಟದ ಮೇಲೆ ಇಟ್ಕೊಂಡು ಬಂದು ಕೂತವರ ನಡುವೆ ಇಳಿಸಿದಳಂತೆ. ಒಬ್ಬೊಬ್ಬರಿಗೂ ಒಂದೊಂದು ಬೊಗಸೆ. ಒಡೆಯ ಹಲ್ಲು ಕಡೀತಾ ಬೀಗದಕೈ ಕಿತ್ಕೊಂಡ.

ಆಮೇಲೆ ಘಟ್ಟದ ಆಚೆಯಿಂದ ದೊಡ್ಡ ದೊಡ್ಡ ಗಂಡಸರನ್ನ ಕರೆಸಿದನಂತೆ. ಅವರು ಮರುದಿನ ಬೆಳಿಗ್ಗೆ ಬಂದವರೇ ಮಡಲು ಹೊರೋಕೆ ಶುರು ಮಾಡಿದರು. ಮೋಡದ ಸೆಕೆ, ಮೈಮೇಲೆಲ್ಲ ಉಪ್ಪಿನ ಪುಡಿ, ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಒಣಗಿಹೋಯ್ತು. ಒಡೆಯಾ, ನೀರು ಅಂದರು. ಸಂಜೆಗೆ ಅಂದ ಒಡೆಯ. ಅವರ ಮುಖಂಡ ಬೀರಿ ಹತ್ರ ಬಂದು, ನೀವು ಯಾಕಕ್ಕಾ ಕೂತಿದೀರಿ ಅಂತ ಕೇಳಿದನಂತೆ. ನೀನು ಈಗ ಒಡೆಯನ ಹತ್ರ ನೀರು ಕೇಳಿದೆಯಲ್ಲ ತಮ್ಮಾ, ಅದನ್ನೇ ನಾವೂ ಕೇಳಿದ್ವಿ ಅಂದಳು ಬೀರಿ. ಅವನು ಹೊತ್ತ ಮಡಲನ್ನ ದಢಾರಂತ ಕೆಳಗೆ ಹಾಕಿ ಪಕ್ಕದಲ್ಲೇ ಕೂತ. ಉಳಿದವರೂ ಕೂತರು.

ಅಷ್ಟರಲ್ಲಿ ಗುಡುಗಿತು. ಸಮುದ್ರದ ಕಡೆಯ ಗುಡ್ಡೆ ಮೇಲೆ ಟಪಟಪ ಹನಿ. ಒಡೆಯ ಕೊಡೆ ಹಿಡ್ಕೊಂಡು ಓಡಿ ಗುಡ್ಡೆ ಮೇಲೆ ಹತ್ತಿ ನಿಂತನಂತೆ! ನಗಬೇಡ, ಮೆಲ್ಲಗೆ. ಮಧ್ಯಾಹ್ನ ಒಂದು ಕೊಡ ನೀರು ಕೊಡ್ತೀನಿ ಅಂತ ಅಲ್ಲಿಂದಲೇ ಕೂಗಿದ. ಯಾರೂ ಏಳಲಿಲ್ಲ. ಬಾಗಿಲು ತೆಗೆದೇ ಇಡ್ತೀನಿ ಅಂದ. ತೆಗೆದ ಬಾಗಿಲನ್ನ ನಾಳೆ ಮುಚ್ಚಬಹುದು ಒಡೆಯಾ, ಕೀಳಿಸಿ ಅಂದಳು ಬೀರಿ. ಕಾಲಡಿಯ ಉಪ್ಪು ಜಾರ್ತಾ ಇತ್ತು. ಕೀಳ್ರೋ ಅಂದುಬಿಟ್ಟ.

ಘಟ್ಟದವರು ಹೆಗಲು ಕೊಟ್ಟರು, ಬಾಗಿಲು ಚೌಕಟ್ಟಿನ ಸಮೇತ ಬಿತ್ತು. ಈಗಲಾದರೂ ಏಳ್ರೇ ಅಂದ ಒಡೆಯ. ಮೊದಲು ನೀರು ಅಂದಳಂತೆ ಬೀರಿ. ಎಲ್ಲರೂ ಸಾಲಾಗಿ ನಿಂತು, ಮುಂದೆ ಸೋಮಿ, ಹಿಂದೆ ಘಟ್ಟದವರು, ಹೊಟ್ಟೆ ತುಂಬ ಕುಡಿದರು. ಅಷ್ಟರಲ್ಲಿ ಸಮುದ್ರದ ಕಡೆಯ ಆ ಒಂದು ಗುಡ್ಡೆ ಪೂರ್ತಿ ಕರಗಿಹೋಯ್ತು. ಕೂಗಿ ಕೂಗಿ ಒಡೆಯನ ಗಂಟಲೂ ಒಣಗಿತ್ತು. ಬಂದು ಕೈ ಒಡ್ಡಿದ. ಸರದಿ ಇದೆ ಒಡೆಯಾ ಅಂದಳಂತೆ ಬೀರಿ. ಅವನು ಹೋಗಿ ಸಾಲಿನ ಹಿಂದೆ ನಿಂತ. ಸರದಿ ಬಂದಾಗ ಅವಳೇ ಅವನ ಬೊಗಸೆಗೂ ಕೊಡ ಬಗ್ಗಿಸಿದಳಂತೆ.

ಆಮೇಲೆ ಎಲ್ಲರೂ ಸೇರಿ ಉಳಿದ ಗುಡ್ಡೆಗಳಿಗೆ ಮಡಲು ಹೊದಿಸಿದರು. ಸೋಮಿಗೆ ಹೆಣ್ಣುಮಗು ಆಯ್ತು. ಆ ಬಾವಿಗೆ ಮತ್ತೆ ಯಾರೂ ಬಾಗಿಲು ಇಡಲಿಲ್ಲ. ಅಲ್ಲಿಗೆ ಕತೆ ಆಯ್ತು, ಮಲ್ಕೋ.

ಏನು, ಬಾಯಾರಿಕೆನಾ? ಎದ್ದು ಹೋಗಿ ಕುಡಿ ಮಗಾ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.