ಸೀಟಿನ ಕೆಳಗಿನ ಕಂಪ್ರೆಸರ್

"ಗುರುಗಳೇ, ಒಳ್ಳೆ ಕಂಠ ಇದ್ದೋನು ಅದನ್ನ ಹೇಗೆ ಕಾಪಾಡ್ಕೋಬೇಕು?"

ಹೀಗೆ ಕೇಳಿದವನು ನಿಂಗಯ್ಯ. ಕರಿಬಸವಯ್ಯ ಗುರುಗಳ ಹತ್ರ ಹಾಡು ಕಲೀತಿದ್ದ ಶಿಷ್ಯ. ಅವನ ದನಿ ಚೆನ್ನಾಗಿತ್ತು. ಅದಕ್ಕೇ ಅವನಿಗೆ ಭಯ. ಮೊಸರು ಮುಟ್ಟುತ್ತಿರಲಿಲ್ಲ. ಫ್ಯಾನಿನ ಕೆಳಗೆ ಕೂರ್ತಿರಲಿಲ್ಲ. ಬಿರುಬೇಸಿಗೇಲೂ ಕತ್ತಿಗೆ ಮಫ್ಲರ್ ಸುತ್ತಿರ್ತಿದ್ದ. ಹಿಂದಿನ ದಿನ ಪಕ್ಕದ ಬೀದಿಯವರು ಬಂದು, ಮಗೂಗೆ ಹೆಸರಿಡ್ತಿದ್ದೀವಿ, ತೊಟ್ಟಿಲ ಹತ್ರ ನಿಂತು ಒಂದು ಹಾಡು ಹೇಳಪ್ಪಾ ಅಂತ ಕರೆದಿದ್ರು. ಅಲ್ಲಿ ಸಾಂಬ್ರಾಣಿ ಹೊಗೆ ಇರುತ್ತೆ ಅಂತ ಇವನು ಬರಲ್ಲ ಅಂದುಬಿಟ್ಟಿದ್ದ.

ಗುರುಗಳು ಶ್ರುತಿಪೆಟ್ಟಿಗೆ ಮುಚ್ಚಿದ್ರು.

"ಕೂತ್ಕೋ. ಒಂದು ಜೀಪಿನ ಕತೆ ಹೇಳ್ತೀನಿ."

"ನಾನು ಕಂಠದ ವಿಷಯ ಕೇಳಿದೆ, ಗುರುಗಳೇ."

"ಗೊತ್ತಾಯ್ತು. ಗಾಳಿ ಇಲ್ದೆ ಜೀಪೂ ನಡೆಯಲ್ಲ. ಕೇಳು."

ಒಂದು ಹೊಳೆ ಇತ್ತು. ಬೇಸಿಗೇಲಿ ಅದರಲ್ಲಿ ನೀರು ಮೊಳಕಾಲುದ್ದ, ಮಿಕ್ಕಿದ್ದೆಲ್ಲ ಮರಳು. ಸೇತುವೆ ಬಹಳ ದೂರ. ಆ ಹೊಳೆ ದಡದಲ್ಲಿ ಒಬ್ಬ ಜೀಪಿನವನಿದ್ದ. ಅವನದು ನಾಲ್ಕೂ ಚಕ್ರ ಎಳೆಯೋ ಜೀಪು. ಬೇಸಿಗೆ ಪೂರ್ತಿ ಜನರನ್ನ ಈ ದಡದಿಂದ ಆ ದಡಕ್ಕೆ ದಾಟಿಸೋದೇ ಅವನ ಕೆಲಸ.

ಮರಳಿಗೆ ಇಳಿಯೋ ಮೊದಲು ಅವನು ನಾಲ್ಕೂ ಟೈರಿನ ಗಾಳಿ ಅರ್ಧಕ್ಕೆ ಇಳಿಸ್ತಿದ್ದ. ಗಾಳಿ ಇಳಿದ್ರೆ ಟೈರು ಅಗಲ ಆಗುತ್ತೆ, ಮರಳಲ್ಲಿ ಹೂತುಹೋಗಲ್ಲ. ಆದರೆ ಆಚೆ ದಡ ಹತ್ತಿದ್ರೆ ಬರೀ ಕಲ್ಲಿನ ದಾರಿ. ಮೆತ್ತಗಿರೋ ಟೈರಲ್ಲಿ ಕಲ್ಲಿನ ಮೇಲೆ ಓಡಿಸಿದ್ರೆ ಟ್ಯೂಬು ಹರಿದುಹೋಗುತ್ತೆ. ಹಾಗಾಗಿ ಅಲ್ಲಿ ನಿಲ್ಲಿಸಿ ಮತ್ತೆ ಗಾಳಿ ತುಂಬಬೇಕು. ಕೈಪಂಪು ಹೊಡೆದೂ ಹೊಡೆದೂ ಅವನ ರಟ್ಟೆ ಬಿದ್ದುಹೋಗ್ತಿತ್ತು.

ಒಂದು ದಿನ ಅವನು ಪೇಟೆಯಿಂದ ಏರ್ ಕಂಪ್ರೆಸರ್ ತಂದ. ಬ್ಯಾಟರಿಗೆ ವೈರ್ ಕೊಟ್ರೆ ತಾನೇ ಗಾಳಿ ತುಂಬೋ ಸಣ್ಣ ಮಿಷನ್ನು. ಬಸ್ಸಲ್ಲಿ ಕೆಳಗೆ ಇಡೋಕೆ ಮನಸ್ಸಾಗದೆ ತೊಡೆ ಮೇಲೆ ಕೂರಿಸ್ಕೊಂಡೇ ಬಂದ. ಮೆಕ್ಯಾನಿಕ್ ಹತ್ರ ಹೋಗಿ ಕೇಳಿದ.

"ಇದನ್ನ ಜೀಪಲ್ಲಿ ಎಲ್ಲಿ ಕೂರಿಸೋದು?"

"ಬಾನೆಟ್ ಒಳಗೆ, ಬ್ಯಾಟರಿ ಪಕ್ಕ, ಸ್ವಲ್ಪ ಎತ್ತರಕ್ಕೆ. ಬಿಸಿ ಪೈಪಿಂದ ದೂರ ಇಟ್ರೆ ಆಯ್ತು. ವೈರ್ ಗಿಡ್ಡದು ಸಾಕು, ಹೊಳೆ ನೀರು ಅಷ್ಟು ಮೇಲೆ ಬರಲ್ಲ, ಬಾನೆಟ್ ಎತ್ತಿದ್ರೆ ಕೈಗೇ ಸಿಗುತ್ತೆ."

"ಅಲ್ಲಿ ಇಂಜಿನ್ ಕಾವು. ಧೂಳು ಬೇರೆ, ಎಣ್ಣೆ ಜಿಡ್ಡು ಬೇರೆ. ಬೇಡ."

"ಡ್ರೈವರ್ ಸೀಟಿನ ಹಿಂದೆ?"

"ಹತ್ತೋರು ಇಳಿಯೋರು ಒದೀತಾರೆ."

"ಹಾಗಾದ್ರೆ ಮನೇಲಿ ದೇವರ ಪಕ್ಕ ಇಟ್ಟು ಎರಡು ಹೊತ್ತು ಮಂಗಳಾರತಿ ಎತ್ತಪ್ಪಾ."

ಜೀಪಿನವನು ನಗಲಿಲ್ಲ. ತಾನೇ ಯೋಚಿಸಿದ. ಜೀಪಿನ ಹಿಂಭಾಗದಲ್ಲಿ ಒಂದು ಉದ್ದ ಸೀಟಿತ್ತು. ಅದರ ಕೆಳಗೆ ಹಲಗೆಯ ಪೆಟ್ಟಿಗೆ ಮಾಡಿಸಿದ. ಬ್ಯಾಟರಿಯಿಂದ ಉದ್ದ ವೈರ್ ಎಳೆದು, ಒಳಗೆ ಕಂಪ್ರೆಸರ್ ಕೂರಿಸಿ, ಸುತ್ತ ಸ್ಪಂಜು ತುಂಬಿ, ಸೀಟನ್ನೇ ಮುಚ್ಚಳ ಮಾಡಿ ನಟ್ಟು ಬೋಲ್ಟು ಬಿಗಿಸಿದ. ಗಾಳಿ ಪೈಪನ್ನಾದ್ರೂ ಹೊರಗೆ ಬಿಡು ಅಂತ ಮೆಕ್ಯಾನಿಕ್ ಬೇಡಿಕೊಂಡ. ಪೈಪಿಗೆ ಧೂಳು ಹಿಡಿಯಲ್ವಾ ಅಂತ ಇವನು ಅದನ್ನೂ ಒಳಗೇ ಸುತ್ತಿಟ್ಟ. ಸ್ವಿಚ್ಚು ಕೂಡ ಒಳಗೇ. ನೀರು ಸೋಕಲ್ಲ, ಕಾವು ತಾಗಲ್ಲ, ಯಾರ ಕಾಲೂ ತಗಲಲ್ಲ. ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ಅವನಿಗೆ ಸಮಾಧಾನ ಆಯ್ತು.

ಆಮೇಲೆ ಏನಾಯ್ತು ಅಂದ್ರೆ, ಗಾಳಿ ತುಂಬೋ ಹೊತ್ತಿಗೆ ಯಾರು ಆ ಸೀಟು ಬಿಚ್ಚೋರು? ಜನರನ್ನ ಇಳಿಸಬೇಕು, ಬೋಲ್ಟು ತೆಗೀಬೇಕು, ಮತ್ತೆ ಬಿಗೀಬೇಕು. ಇರಲಿ ಇವತ್ತು ಅಂತ ಅವನು ಕೈಪಂಪನ್ನೇ ಹೊಡೆದ. ಮಾರನೇ ದಿನವೂ ಅದೇ. ಕಂಪ್ರೆಸರ್ ಇದ್ದ ಜೀಪಿನವನು ಕೈಪಂಪು ಹೊಡೆಯೋದನ್ನ ನೋಡಿ ಊರೋರು ನಗ್ತಿದ್ರು. ಆಯುಧಪೂಜೆ ದಿನ ಮಾತ್ರ ಅವನು ಸೀಟು ಬಿಚ್ತಿದ್ದ. ಕಂಪ್ರೆಸರಿಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಬಂದೋರಿಗೆಲ್ಲ ತೋರಿಸ್ತಿದ್ದ.

"ನೋಡಿ, ಒಂದು ಗೀರೂ ಇಲ್ಲ. ತಂದಾಗ ಹೇಗಿತ್ತೋ ಹಾಗೇ ಇದೆ."

ಒಂದು ವರ್ಷ ಮಳೆಗಾಲ ಹತ್ರ ಬಂದಿತ್ತು. ಈ ದಡದ ಹುಡುಗಿಗೆ ಆ ದಡದ ಹುಡುಗ. ಮದುವೆ ಗಂಡಿನ ಊರಲ್ಲಿ. ಮಧ್ಯಾಹ್ನದ ಲಗ್ನ. ಅದು ತಪ್ಪಿದ್ರೆ ಮುಂದೆ ಆಷಾಢ, ಹೊಳೆನೂ ತುಂಬಿಬಿಡುತ್ತೆ. ಜೀಪಿನವನು ಹುಡುಗಿ ಅಪ್ಪನಿಗೆ ಮಾತು ಕೊಟ್ಟಿದ್ದ. ಲಗ್ನಕ್ಕೆ ಮೊದಲು ನಿಮ್ಮ ಮಗಳನ್ನ ಚಪ್ಪರದ ಮುಂದೆ ಇಳಿಸ್ತೀನಿ, ಯೋಚನೆ ಮಾಡ್ಬೇಡಿ ಅಂದಿದ್ದ.

ಮದುಮಗಳು ಮಡಿಲಕ್ಕಿ ಕಟ್ಟಿಕೊಂಡು ಹಿಂದಿನ ಸೀಟಲ್ಲಿ ಕೂತಳು. ಪಕ್ಕದಲ್ಲಿ ಅವಳ ಸೋದರತ್ತೆ. ದಿಬ್ಬಣದ ಗಂಡಸರು, ವಾಲಗದವರು ಮರಳಲ್ಲಿ ಜೀಪಿನ ಹಿಂದೆ ನಡ್ಕೊಂಡು ಬಂದ್ರು. ಹೊಳೆ ಸಲೀಸಾಗಿ ದಾಟ್ತು. ದಡ ಹತ್ತಿ ಜೀಪು ನಿಂತಿತು. ಜೀಪಿನವನು ಕೈಪಂಪು ತೆಗೆದು ಮುಂದಿನ ಎರಡು ಟೈರಿಗೆ ಗಾಳಿ ಹೊಡೆದ. ಹಿಂದಿನದಕ್ಕೆ ಹಾಕಿ ಒತ್ತಿದ, ಪಂಪು ಪುಸ್ ಅಂತು. ಒಳಗಿನ ವಾಷರ್ ಹರಿದುಹೋಗಿತ್ತು.

ಅವನು ಬೆವರು ಒರೆಸ್ಕೊಂಡು ಹಿಂದಕ್ಕೆ ಬಂದ.

"ಅಮ್ಮಾ, ಮದುಮಗಳನ್ನ ಒಂದು ಗಳಿಗೆ ಇಳಿಸಿ. ಸೀಟು ಬಿಚ್ಬೇಕು. ಕಂಪ್ರೆಸರ್ ಅದರ ಕೆಳಗಿದೆ."

ಸೋದರತ್ತೆ ಕಣ್ಣು ದೊಡ್ಡದು ಮಾಡಿದಳು.

"ಇಳಿಸೋದಾ? ಮಡಿಲಕ್ಕಿ ಕಟ್ಕೊಂಡು ಕೂತ ಹುಡುಗಿ ಗಂಡಿನ ಚಪ್ಪರ ಮುಟ್ಟೋತನಕ ಕೂತ ಜಾಗದಿಂದ ಏಳೋ ಹಾಗಿಲ್ಲ. ನಮ್ಮ ಮನೆತನದಲ್ಲಿ ನಮ್ಮಜ್ಜಿ ಕಾಲದಿಂದ ಬಂದ ಪದ್ಧತಿ."

"ಗಾಳಿ ಇಲ್ದೆ ಜೀಪು ಹೋಗಲ್ಲಮ್ಮಾ."

"ಅಲ್ಲಯ್ಯಾ, ಗಾಳಿ ತುಂಬೋ ಮಿಷನ್ನು. ಅದನ್ನ ಇಷ್ಟು ಮುಚ್ಚಿಟ್ಟು ಸಾಕಿದ್ದೀಯಲ್ಲ, ಅದಕ್ಕೂ ಏನು ಗಂಡು ಹುಡುಕ್ತಿದ್ದೀಯಾ?"

ದಿಬ್ಬಣದವರು ಗೊಳ್ ಅಂತ ನಕ್ಕರು. ಬಿಸಿಲು ನೆತ್ತಿಗೆ ಏರ್ತಾ ಇತ್ತು. ಗಂಡಿನ ಮನೆಯಿಂದ ಫೋನ್ ಬಂತು. ಎಲ್ಲಿದ್ದೀರಿ, ಪುರೋಹಿತರು ಬೈತಾ ಇದ್ದಾರೆ ಅಂತ ಅಂದ್ರು. ಇನ್ನೊಂದು ಗಾಡಿ ಕಳಿಸಿ ಅಂದ್ರೆ, ಆ ಕಲ್ಲಿನ ದಾರೀಲಿ ಇಳಿಯೋಕೆ ನಮ್ಮ ಕಾರುಗಳಿಗೆ ಆಗಲ್ಲ ಅಂದ್ರು. ಹುಡುಗಿ ಅಪ್ಪ ಒಂದು ಬಂಡೆ ಮೇಲೆ ಕುಕ್ಕರಿಸಿ ಕೂತುಬಿಟ್ಟ.

ಆಗ ಮದುಮಗಳು ಬಾಯಿ ಬಿಟ್ಟಳು.

"ಅತ್ತೆ, ನಾನು ಏಳಲ್ಲ. ನಾನು ಕೂತಿರೋ ಸೀಟನ್ನೇ ಎತ್ತಿ ಹೊರಗೆ ತಗೊಂಡ್ರೆ?"

ಸೋದರತ್ತೆ ಬಗ್ಗಿ ಸೀಟಿನ ಕೆಳಗೆ ನೋಡಿದಳು. "ಹಿರಿಯರು ಹುಡುಗಿ ಏಳಬಾರದು ಅಂದಿದ್ರು. ಸೀಟಿನ ಸುದ್ದಿ ಅವರು ಎತ್ತಿಲ್ಲ," ಅಂದಳು. "ಆದ್ರೆ ನೆಲಕ್ಕೆ ಮುಟ್ಟಿಸ್ಬೇಡಿ. ಮುಟ್ಟಿಸಿದ್ರೋ, ನೋಡಿ ಮತ್ತೆ!"

ಜೀಪಿನವನು ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗಿದ. ಬೋಲ್ಟುಗಳು ಕಳಚಿದವು. ಹಿಂಬಾಗಿಲು ತೆಗೆದು ನಾಲ್ಕು ಜನ ಸೀಟಿಗೆ ಕೈ ಕೊಟ್ಟು, ಮದುಮಗಳ ಸಮೇತ ಹೊರಗೆ ಎಳೆದು ಹೆಗಲಿಗೆ ಏರಿಸಿದ್ರು. ಸೋದರತ್ತೆ ಓಡಿ ಬಂದು ಛತ್ರಿ ಹಿಡಿದಳು. ಅದು ಥೇಟ್ ದೇವರ ಪಲ್ಲಕ್ಕಿ ಹಾಗೇ ಕಂಡಿತು. ವಾಲಗದವರಿಗೆ ಸುಮ್ಮನೆ ನಿಲ್ಲೋಕೆ ಆಗಲಿಲ್ಲ. ಊದೇಬಿಟ್ರು.

ಜೀಪಿನವನು ಸ್ಪಂಜು ಕಿತ್ತೆಸೆದು ಸ್ವಿಚ್ಚು ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದ. ಅಷ್ಟು ದಿನ ಕೆಲಸ ಇಲ್ಲದೆ ಕೂತಿದ್ದ ಮಿಷನ್ನು ಮುಲುಗಿತು. ಮೂರನೇ ಸಲಕ್ಕೆ ಕೆಮ್ಮಿ, ಕೊನೆಗೂ ಬುರ್ ಅಂತ ಶುರುವಾಯ್ತು. ಡೋಲಿನವನು ಅದರ ಸದ್ದಿಗೇ ತಾಳ ಹಾಕಿದ.

"ಬೇಗ ತುಂಬೋ ಮಾರಾಯಾ," ಅಂತ ಹೊತ್ತಿದ್ದವರಲ್ಲಿ ಒಬ್ಬ ಕೂಗಿದ. "ಹುಡುಗಿ ಹಗುರ ಇದ್ದಾಳೆ, ನಿನ್ನ ಸೀಟೇ ಭಾರ!"

ಮೇಲಿಂದ ಮದುಮಗಳು ಕಿಲಕಿಲ ನಕ್ಕಳು. ಸೋದರತ್ತೆ ಅವಳ ಮೊಣಕಾಲಿಗೆ ಮೊಟಕಿದಳು. ಮದುಮಗಳು ಹಾಗೆಲ್ಲ ಹಲ್ಲು ಬಿಡಬಾರದು ಅಂತ ಹೇಳೋಕೆ ಹೋಗಿ ತಾನೇ ನಕ್ಕುಬಿಟ್ಟಳು.

ಹಿಂದಿನ ಎರಡೂ ಟೈರು ಉಬ್ಬಿ ನಿಂತವು. ಸೀಟನ್ನ ಹಾಗೇ ಒಳಗೆ ತಳ್ಳಿದ್ರು. ಬೋಲ್ಟು ಬಿಗಿಯೋಕೆ ಯಾರಿಗೂ ಪುರಸೊತ್ತಿಲ್ಲ. ಗಂಡಸರು ಹಿಂದೆ ಜೋತುಬಿದ್ದು ಸೀಟು ಹಿಡ್ಕೊಂಡ್ರು. ಜೀಪು ಕಲ್ಲಿನ ಮೇಲೆ ಕುಣೀತಾ ಹೋಯ್ತು. ಪುರೋಹಿತರು ಚಪ್ಪರದಿಂದ ಬೀದಿಗೇ ಬಂದು ನಿಂತಿದ್ರು. ಲಗ್ನ ಮುಗಿಯೋಕೆ ಮೊದಲು ಹುಡುಗಿ ಕೊರಳಿಗೆ ತಾಳಿ ಬಿತ್ತು. ಹುಡುಗಿ ಅಪ್ಪ ಜೀಪಿನವನ ಕೈ ಹಿಡಿದು, ಮಾತು ಉಳಿಸ್ಕೊಂಡೆ ಕಣಪ್ಪಾ ಅಂದ. ಮಾತು ಉಳಿಸಿದ್ದು ತಾನಲ್ಲ, ಆ ಹುಡುಗಿ ಅಂತ ಜೀಪಿನವನಿಗೆ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಅವನು ಮೆಕ್ಯಾನಿಕ್ ಅಂಗಡಿ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತಿದ್ದ. ಕಂಪ್ರೆಸರ್ ಬ್ಯಾಟರಿ ಪಕ್ಕಕ್ಕೆ ಬಂತು. ಆಮೇಲೆ ಹೊಳೆ ದಾಟಿದಾಗಲೆಲ್ಲ ಬಾನೆಟ್ ಎತ್ತೋದು, ಪೈಪು ಎಳೆಯೋದು, ಗಾಳಿ ತುಂಬೋದು. ಅವನ ಜೀಪಿಗೆ ಮಾತ್ರ ಅಲ್ಲ. ದಾರೀಲಿ ಸಿಕ್ಕ ಸೈಕಲ್ಲು, ಎತ್ತಿನ ಗಾಡಿಯ ಟೈರು, ಒಂದು ಸಲ ಶಾಲೆ ಹುಡುಗಿಯರ ಥ್ರೋಬಾಲ್ ಚೆಂಡಿಗೂ ತುಂಬಿಕೊಟ್ಟ.

ಇಷ್ಟು ಹೇಳಿ ಗುರುಗಳು ನೀರು ಕುಡಿದ್ರು.

ನಿಂಗಯ್ಯ ನಗ್ತಾ ಕೇಳಿಸ್ಕೊಂಡಿದ್ದ. ಈಗ ಅವನ ನಗು ಸ್ವಲ್ಪ ಕಮ್ಮಿಯಾಯ್ತು. ಅವನಿಗೆ ಒಂದು ಅನುಮಾನ ಉಳಿದಿತ್ತು.

"ಎಲ್ಲ ಸರಿ ಗುರುಗಳೇ. ಆದ್ರೆ ಬಾನೆಟ್ ಒಳಗೆ ಆ ಜೀಪಿನವನು ಹೇಳಿದ ಹಾಗೆ ಕಾವು ಇದ್ದೇ ಇರುತ್ತೆ. ಧೂಳೂ ಇರುತ್ತೆ. ದಿನಾ ಹೀಗೆ ದುಡಿಸಿದ್ರೆ ಆ ಮಿಷನ್ನು ಬೇಗ ಸವೆದುಹೋಗಲ್ವಾ?"

"ಸವೆಯುತ್ತೆ," ಅಂದ್ರು ಗುರುಗಳು, "ಅಷ್ಟರಲ್ಲಿ ಎಷ್ಟು ಮದುವೆ ದಿಬ್ಬಣ ದಡ ಸೇರಿರುತ್ತೆ ಅಂತ ನೀನು ಕೇಳಲೇ ಇಲ್ಲವಲ್ಲಪ್ಪಾ."