ಕೊಟ್ರಮ್ಮನ ಹೂಂ, ತಿಪ್ಪೇಶಿಯ ಸ್ಲೇಟು

"ನನ್ನ ಕಿವಿಗೇನೂ ಆಗಿಲ್ಲ ಕಣೋ. ಮಂಡಕ್ಕಿ ಕಾಳು ಬಿದ್ರೂ ಕೇಳ್ಸುತ್ತೆ," ಅಂದ್ಲು ಕೊಟ್ರಮ್ಮ.

ಯಾರೂ ಕೇಳಿರಲಿಲ್ಲ. ಮಗ ತಿಪ್ಪೇಶಿ ಎದುರಿಗೆ ಕೂತು ಬೆಳ್ಳುಳ್ಳಿ ಸುಲೀತಿದ್ದ, ಅಷ್ಟೇ. ಹಾಲಿನವನಿಗೂ ಇದನ್ನೇ ಹೇಳಿದ್ಲು, ಪಕ್ಕದ ಮನೆಯವಳಿಗೂ ಇದನ್ನೇ ಹೇಳಿದ್ಲು. ಅವರೂ ಕೇಳಿರಲಿಲ್ಲ. ನಿಜ ಏನಪ್ಪಾ ಅಂದ್ರೆ, ಅವಳ ಕಿವಿ ಪೂರ್ತಿ ಹೋಗಿ ವರ್ಷ ಆಗಿತ್ತು. ಯಾರು ಏನಂದ್ರೂ ನಕ್ಕು "ಹೂಂ" ಅಂತಿದ್ಲು. ಹೂಂ ಅನ್ನೋರ ಮೇಲೆ ಯಾರಿಗೂ ಅನುಮಾನ ಬರಲ್ಲ. ಬಲು ಒಳ್ಳೇ ಹೆಂಗಸು ಅಂತ ಹೆಸರು ಬೇರೆ ಬಂತು.

ಬಸ್ ಸ್ಟ್ಯಾಂಡ್ ಗೇಟಿನ ಪಕ್ಕ ಅವಳದು ಮೆಣಸಿನಕಾಯಿ ಬಜ್ಜಿ ಗಾಡಿ. ಗಿರಾಕಿ ಬೆರಳು ತೋರಿಸ್ತಾರೆ, ಇವಳು ಬಜ್ಜಿ ಹಾಕ್ತಾಳೆ. ಅಲ್ಲಿ ಕಿವಿ ಯಾರಿಗೆ ಬೇಕು. ಆದ್ರೆ ಆ ಸಾಲಲ್ಲಿ ಜಾಗಕ್ಕೆ ಕಾಗದ ಗೀಗದ ಇಲ್ಲ. ಬಿಟ್ಟುಕೊಡ್ತೀಯಾ ಅಂತ ಯಾರಾದ್ರೂ ಕೇಳಿದಾಗ ಇರೋರು ಒಂದು ಸಲ ಹೂಂ ಅಂದ್ರೆ ಜಾಗ ಕೈ ಬಿಟ್ಟ ಹಾಗೇ. ಕಿವುಡಿ ಅಂತ ಗೊತ್ತಾದ್ರೆ ಆಮೇಲೆ ಎಲ್ಲರೂ ಬಂದು ಹೂಂ ಅನ್ನಿಸ್ಕೊಂಡು ಹೋಗ್ತಾರೆ ಅನ್ನೋ ಭಯ ಅವಳಿಗೆ. ಮಗನ ಕೈಗೆ ಕೊಡೋಣ ಅಂದ್ರೆ, ಬಾಣಲೆ ನೋಡ್ಕೋ ಅಂದ್ರೆ ನೋಡ್ತಾ ಕೂರೋನು ಅವನು. ಬಜ್ಜಿ ಕರಕಲಾದ್ರೂ ನೋಡೋನು.

ಬಿಡುವಾದ್ರೆ ಕೊಟ್ರಮ್ಮ ಫೋನಲ್ಲಿ ಒಂದು ಕೊರಿಯಾ ಧಾರಾವಾಹಿ ಹಾಕ್ಕೊಳ್ಳೋಳು. ಆ ಆ್ಯಪಲ್ಲಿ ಎಲ್ಲಾ ದೇಶದೋರೂ ಪುಕ್ಕಟೆ ಕೂತು, ಆಡಿದ ಮಾತನ್ನ ತಂತಮ್ಮ ಭಾಷೆಗೆ ಇಳಿಸಿ ಕೆಳಗೆ ಅಕ್ಷರ ಹಾಕ್ತಾರೆ. ಬಸ್ ಬೋರ್ಡು ನೋಡಿ ಓದು ಕಲಿತ ಹೆಂಗಸು ಅವಳು. ಇಡೀ ಲೋಕದಲ್ಲಿ ಅವಳಿಗೆ ಮಾತು ಅರ್ಥ ಆಗ್ತಿದ್ದುದು ಆ ಕೊರಿಯಾದೋರದ್ದು ಮಾತ್ರ. ಆದ್ರೆ ಕನ್ನಡದ ತಂಡದಲ್ಲಿ ಜನ ಇಲ್ಲ, ಅಕ್ಷರ ಅರ್ಧಕ್ಕೇ ನಿಂತುಹೋಯ್ತು. ಪಿಯುಸಿ ತನಕ ಇಂಗ್ಲಿಷ್ ಹೊತ್ತಿದೀಯಲ್ಲ, ನೀನಾದ್ರೂ ಬರಿಯೋ ಅಂತ ಮಗನನ್ನ ದಬ್ಬಿದ್ಲು.

ತಂಡ ನೋಡ್ಕೊಳ್ಳೋಳು ಮೆಹರಕ್ಕ. ಕಲಬುರಗಿಯಿಂದ ಫೋನು ಮಾಡಿದ್ಲು. ಕಿವಿಗೆ ಬಿದ್ದಿದ್ದೆಲ್ಲಾ ಬರಿ ತಮ್ಮಾ, ಒಂದೂ ಬಿಡಬೇಡ ಅಂದ್ಲು.

ತಿಪ್ಪೇಶಿ ಬಿಡಲಿಲ್ಲ. ಧಾರಾವಾಹಿಯ ಹುಡುಗ ಆಸ್ಪತ್ರೇಲಿ ಕೊನೇ ಉಸಿರು ಎಳೀತಿದಾನೆ, ಕೆಳಗೆ ಅಕ್ಷರ ಬರುತ್ತೆ: "ಮೆಂತೆ ಸೊಪ್ಪು, ಸಬ್ಬಸಿಗೆ ಸೊಪ್ಪೂ." ಡಾಕ್ಟರು ತಲೆ ಅಲ್ಲಾಡಿಸ್ತಾನೆ, ಕೆಳಗೆ: "ಲೇ ತಿಪ್ಪೇಶಿ, ಹಾಲು ಉಕ್ತು ನೋಡೋ."

ಮೆಹರಕ್ಕ ಬೈದಳು. ನಿಮ್ಮನೆ ಹಾಲು ಯಾರಿಗೆ ಬೇಕೋ, ತೆರೆ ಮೇಲೆ ಬಾಯಿ ಆಡ್ಸೋರದ್ದು ಮಾತ್ರ ಬರಿ ಅಂದ್ಲು.

ಸರಿ. ಮುಂದಿನ ಕಂತಲ್ಲಿ ಅಜ್ಜ ಊಟಕ್ಕೆ ಕೂತಿದಾನೆ, ಬಾಯಿ ಆಡ್ತಿದೆ. ತಿಪ್ಪೇಶಿ ಬರೆದ: "ಜಗೀತೀನಿ. ಜಗೀತೀನಿ. ಇನ್ನೂ ಜಗೀತೀನಿ." ಅಷ್ಟರಲ್ಲಿ ಹುಡುಗಿಗೆ ಫೋನು ಬಂತು. ಆ ಕಡೆಯೋರು ಏನೋ ಹೇಳ್ತಾರೆ, ಹುಡುಗಿ ಕುಸಿದು ಬೀಳ್ತಾಳೆ. ಹೇಳಿದೋರ ಬಾಯಿ ತೆರೆ ಮೇಲಿಲ್ಲ, ಹಂಗಾಗಿ ಅಕ್ಷರಾನೂ ಇಲ್ಲ. ಯಾರು ಸತ್ತರೋ ಅಂತ ಕೊಟ್ರಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ.

ಈ ಸಲ ಬೈದಿದ್ದು ಅವಳೇ. ಅಜ್ಜನ ಜಗಿತ ಇಷ್ಟುದ್ದ ಯಾಕೋ, ಬಸ್ ಬೋರ್ಡಿನ ಥರ ಗಿಡ್ಡಕೆ ಬರೀಬಾರ್ದಾ, ಒಂದೇ ನೋಟಕ್ಕೆ ಓದ್ಕೋತೀನಿ ಅಂದ್ಲು.

ಸರಿ. ಮುಂದಿನ ಕಂತಲ್ಲಿ ಹುಡುಗಿ ಗಂಡನ ಎದುರು ನಿಂತು ಹಳೇದೆಲ್ಲಾ ಎತ್ತಿ ಆಡಿ ಅಳ್ತಾಳೆ. ಕೆಳಗೆ ಬಂತು: "ಸಿಟ್ಟು – ಅಳು. ವಯಾ ಅತ್ತೆ ಮನೆ." ಆಮೇಲೆ ಇಬ್ಬರೂ ತಬ್ಬಿಕೊಂಡ್ರು. ಕೆಳಗೆ ಬಂತು: "ತಡೆರಹಿತ."

ಮೆಹರಕ್ಕನ ಸಹನೆ ಮುಗೀತು. ಆದ್ರೂ ಕೂಗಾಡಲಿಲ್ಲ, ಸಣ್ಣ ದನಿಯಲ್ಲಿ ಕೇಳಿದ್ಲು.

"ತಿಪ್ಪೇಶಿ, ಇದನ್ನ ಯಾರಿಗೋಸ್ಕರ ಬರೀತಿದೀಯ?"

"ನಮ್ಮಮ್ಮನಿಗೆ ಅಕ್ಕ."

ಅವಳು ಬಿಡಿಸಿ ಹೇಳಿದ್ಲು. ಯಾರು ಏನಂತಾರೋ ಅದನ್ನೇ ಬರಿ, ನಿಂದು ಸೇರಿಸಬೇಡ. ಅಂದ ತಕ್ಷಣ ಬರಿ, ಅಂದವರ ಕೆಳಗೇ ಬರಿ. ಸದ್ದಾದ್ರೆ ಸದ್ದನ್ನೂ ಬರಿ, ಕೇಳಿಸದೇ ಇರೋರಿಗೆ ಅದೂ ಬೇಕು. ಧಾರಾವಾಹಿ ಮುಟ್ಟಬೇಡ, ಮೊದಲು ಮನೇಲಿ ಅಭ್ಯಾಸ ಮಾಡು ಅಂದ್ಲು.

ಮನೇಲಿ. ತಿಪ್ಪೇಶಿ ಅಟ್ಟದಿಂದ ತನ್ನ ಹಳೇ ಸ್ಲೇಟು ಇಳಿಸಿದ.

ಆವತ್ತೇ ಕೊಟ್ರಮ್ಮನ ತಮ್ಮ ಓಂಕಾರಪ್ಪ ಬಂದ. ಚೆನ್ನಾಗಿದೀಯಾ ಅಕ್ಕ ಅಂದ, ಇವಳು ಹೂಂ ಅಂದ್ಲು. ಬಿಸಿಲು ಜಾಸ್ತಿ ಅಂದ, ಹೂಂ ಅಂದ್ಲು. ಅದೇ ನಗು ಇಟ್ಕೊಂಡು ಇನ್ನೊಂದು ಮಾತು ಅಂದ. ಅವಳು ಬಾಯಿ ತೆರೆಯೋದರೊಳಗೆ ತಿಪ್ಪೇಶಿ ಮಂಡಿಯೂರಿ ಮಾವನ ಗದ್ದದ ಕೆಳಗೆ ಸ್ಲೇಟು ಹಿಡಿದ.

"ಗಾಡಿ ಜಾಗ ನಮ್ಮ ಹುಡುಗನಿಗೆ ಬಿಟ್ಟುಕೊಡು."

ಕೊಟ್ರಮ್ಮನ ಹೂಂ ಗಂಟಲಲ್ಲೇ ನಿಂತಿತು.

"ಏನಲೇ ಇದು?" ಅಂದ ಓಂಕಾರಪ್ಪ. ತಿಪ್ಪೇಶಿ ಒರೆಸಿ ಬರೆದ, ಏನಲೇ ಇದು. ತೆಗೀಲೇ ಪೆದ್ದ ಅಂತ ಮಾವ ಕೈ ಎತ್ತಿದ. ತೆಗೀಲೇ ಪೆದ್ದ ಅಂತ ಅದನ್ನೂ ಬರೆದ. ಆಗ ಓಂಕಾರಪ್ಪ ಅಕ್ಕನ ಕಣ್ಣು ನೋಡಿದ. ಅವು ಅವನ ಮುಖ ಬಿಟ್ಟು ಸ್ಲೇಟಿನ ಮೇಲೆ ಎಡದಿಂದ ಬಲಕ್ಕೆ ಹೋಗ್ತಿದ್ವು.

"ಅಕ್ಕಾ... ನಿನಗೆ ಕಿವಿ ಕೇಳ್ಸಲ್ವಾ?"

ಅದೂ ಸ್ಲೇಟಿಗೆ ಬಂತು, ಮಗನ ಸೊಟ್ಟ ಅಕ್ಷರದಲ್ಲಿ. ವರ್ಷದಿಂದ ಯಾರೂ ಕೇಳದೇ ಇದ್ದ ಪ್ರಶ್ನೆ. ಕೊಟ್ರಮ್ಮ ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಓದಿದ್ಲು. ಮಗನನ್ನ ನೋಡಿದ್ಲು.

"ಇಲ್ಲ, ಕೇಳ್ಸಲ್ಲ," ಅಂದ್ಲು ತಮ್ಮನಿಗೆ. "ಓದಕ್ಕೆ ಬರುತ್ತೆ. ಗಾಡಿ ಕೊಡಲ್ಲ."

ಓಂಕಾರಪ್ಪ ಎದ್ದ. ಟವೆಲ್ ಹೆಗಲಿಗೆ ಹಾಕ್ಕೊಂಡ, ಹೊರಗೆ ಹೋದ, ಗೋಡೆ ಮೇಲಿನ ಕ್ಯಾಲೆಂಡರ್ ಅಲ್ಲಾಡೋ ಹಾಗೆ ಬಾಗಿಲು ಎಳ್ಕೊಂಡ. ತಿಪ್ಪೇಶಿ ಓಡಿ ಹೋಗಿ ಹೊಸ್ತಿಲ ಹತ್ರ ಕುಕ್ಕರಗಾಲಲ್ಲಿ ಕೂತು, ಸರಿಯಾಗಿ ಬಾಗಿಲ ಕೆಳಗೆ, ಸ್ಲೇಟು ಎತ್ತಿ ಹಿಡಿದ: "ಬಾಗಿಲು ಮುಚ್ಚಿದ ಸದ್ದು."