ಸೂಲಗಿತ್ತಿಯ ಹಂಡೆ

"ಗುರುಗಳೇ, ಹನ್ನೊಂದು ವರ್ಷದಿಂದ ನಾನು ಆಸ್ಪತ್ರೆಯ ಹೆರಿಗೆ ವಾರ್ಡಿನ ಮುಖ್ಯಸ್ಥೆ. ಒಂದು ದಿನವೂ ರಜೆ ಹಾಕಿದವಳಲ್ಲ. ನನ್ನನ್ನು ನೋಡಿ ನನ್ನ ವಾರ್ಡಿನಲ್ಲಿ ಯಾರೂ ರಜೆ ಕೇಳುವುದಿಲ್ಲ. ಆದರೆ ಈಗೀಗ ಹುಟ್ಟಿದ ಮಗು ಅತ್ತರೂ ನನಗೆ ಏನೂ ಅನ್ನಿಸುವುದಿಲ್ಲ. ನನ್ನ ಕರುಣೆ ಬತ್ತಿತೇ? ಕೆಲಸ ಬಿಟ್ಟುಬಿಡಲೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಅವಳ ಕೈಗಳನ್ನು ನೋಡಿದರು. "ಈ ಕೈಗಳಿಗೆ ಊರೇ ನಮಸ್ಕಾರ ಮಾಡಬೇಕು. ಬಿಡುವ ಮಾತು ಆಮೇಲೆ. ಮೊದಲು ಕತೆ ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಹೆರಿಗೆ ಮಾಡಿಸುವುದರಲ್ಲಿ ಎತ್ತಿದ ಕೈ. ಅವಳು ಹೊಸಿಲು ದಾಟಿ ಒಳಗೆ ಬಂದರೆ ಸಾಕು, ಬಸುರಿಯ ಅರ್ಧ ಭಯ ಹೊರಗೆ ಹೋಗುತ್ತಿತ್ತು. ಆ ಊರಿಗೆ ಒಂದು ಪದ್ಧತಿ. ಹೆರಿಗೆಯಾದ ಮನೆಯಲ್ಲಿ ಎರಡು ಹಂಡೆ ನೀರು ಕಾಯಿಸಬೇಕು. ಒಂದು ತಾಯಿ ಮಗುವಿಗೆ, ಇನ್ನೊಂದು ಸೂಲಗಿತ್ತಿಗೆ. ಮನೆಯ ಹಿರಿಯಳೇ ಅವಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಬಿಸಿ ಅನ್ನ ಬಡಿಸಬೇಕು. ಅವಳು ಒಂದು ನಿದ್ದೆ ತೆಗೆದು ಎದ್ದ ಮೇಲೆಯೇ ಬೇರೆಯವರು ಕರೆಯಬೇಕು.

ಅವಳ ಹೆಸರು ಸುತ್ತಲಿನ ಊರುಗಳಿಗೆ ಹಬ್ಬಿತು. ಕರೆಯುವವರು ಹೆಚ್ಚಾದರು. ಒಂದು ದಿನ ಅವಸರದಲ್ಲಿ "ನೀರು ಬ್ಯಾಡ" ಎಂದು ಹೊರಟಳು. ಊರವರು ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು. ಏರಿದವಳಿಗೆ ಇಳಿಯುವ ಮನಸ್ಸಾಗಲಿಲ್ಲ. ಮುಂದಿನ ಮನೆಯಲ್ಲೂ ಬೇಡ ಎಂದಳು. ಆಮೇಲೆ ನೀರು ಬೇಕೇ ಎಂದು ಕೇಳುವವರೇ ಇಲ್ಲವಾದರು. ಎರಡನೆಯ ಹಂಡೆ ಮೂಲೆ ಸೇರಿತು. ಅವಳ ಬಳಿ ಕೆಲಸ ಕಲಿತ ಇಬ್ಬರು ಹೆಂಗಸರು ಬಚ್ಚಲ ಕಡೆ ನೋಡಿದರೆ, "ದೊಡ್ಡಾಕಿಗೇ ಬ್ಯಾಡಾದದ್ದು ನಿಮಗ್ಯಾಕ?" ಎಂಬ ಮಾತು ಬರುತ್ತಿತ್ತು.

ವರ್ಷಗಳು ಹೋದವು. ಒಮ್ಮೆ ಮೂರು ಮನೆ ಮುಗಿಸಿ ನಾಲ್ಕನೆಯ ಮನೆಗೆ ಬಂದಿದ್ದಳು. ಮಗು ಹುಟ್ಟಿತು. ಹೊಕ್ಕುಳಬಳ್ಳಿ ಕಟ್ಟಿ ಕೊಯ್ದಳು. ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗವ್ವ ಹೊಂಟಿ? ಮಾಸು ಇನ್ನೂ ಬಿದ್ದಿಲ್ಲ."

ಹೊಕ್ಕುಳಬಳ್ಳಿಯ ಬುಡದಲ್ಲಿದ್ದು ಮಗುವಿನ ಹಿಂದೆ ಬರುವ ಮಾಸು ಪೂರ್ತಿ ಬೀಳುವವರೆಗೆ ಬಾಣಂತಿಯ ಮಗ್ಗುಲು ಬಿಡಬಾರದು. ಬಿಟ್ಟರೆ ರಕ್ತ ಹರಿದು ತಾಯಿ ಉಳಿಯುವುದಿಲ್ಲ. ಸೂಲಗಿತ್ತಿಗೆ ಅದು ಮೊದಲ ಪಾಠ. ಅದನ್ನೇ ಮರೆತಿದ್ದಳು. ತಿರುಗಿ ಬಂದು ಕುಳಿತಳು. ಮಾಸು ಬಿತ್ತು. ತಾಯಿ ಉಳಿದಳು. ಸೂಲಗಿತ್ತಿ ಗೋಡೆಗೆ ಒರಗಿ ಅತ್ತಳು. "ಇನ್ನ ನನ್ನ ಕರೀಬ್ಯಾಡ್ರಿ. ಈ ಕೈ ಕೆಟ್ಟಾವ."

"ಕೆಟ್ಟಿಲ್ಲವ್ವ, ದಣದಾವ" ಎಂದಳು ಅಜ್ಜಿ. "ನೀ ನೀರು ಬ್ಯಾಡ ಅಂದಿ. ನಾವು ಕಟ್ಟಿಗಿ ಉಳೀತು ಅಂದ್ಕೊಂಡ್ವಿ. ತಪ್ಪು ಇಬ್ಬರದೂ ಐತಿ."

ಅಜ್ಜಿ ಮೂಲೆಯ ಹಂಡೆಯನ್ನು ತಾನೇ ತಿಕ್ಕಿ ಒಲೆಗೇರಿಸಿದಳು. ಅಷ್ಟರಲ್ಲಿ ಪಕ್ಕದೂರಿನಿಂದ ಒಬ್ಬ ಓಡಿ ಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ಅಜ್ಜಿ ಅವನನ್ನು ಅಂಗಳದಲ್ಲೇ ತಡೆದಳು. "ಸೂಲಗಿತ್ತಿ ನೀರಿಗೆ ಕುಂತಾಳ. ಆಕಿ ಹತ್ರ ಕಲ್ತಾಕಿನ್ನ ಕರಕೊಂಡು ಹೋಗು. ಮನಿಗೆ ಹೋದಕೂಡ್ಲೇ ಎರಡು ಹಂಡೆ ಇಡು." ಕಲಿತವಳು ಹೋದಳು. ಅಲ್ಲಿಯೂ ಮಗು ಸುಖವಾಗಿ ಹುಟ್ಟಿತು.

ಅಂದಿನಿಂದ ಆ ಊರವರು ಹೆಣ್ಣು ಕೇಳಲು ಹೋದರೆ ಹೊಲಗದ್ದೆಯ ಮಾತು ಆಮೇಲೆ. ಮೊದಲು ತಲೆ ಎತ್ತಿ ಹೇಳುವುದು ಒಂದೇ: "ನಮ್ಮೂರಾಗ ಸೂಲಗಿತ್ತಿಗೆ ನೀರು ಹಾಕದ ಕಳಸೂದಿಲ್ಲ." ಹೆಣ್ಣಿನ ಮನೆಯವರು ಬೇರೆ ಏನೂ ಕೇಳುತ್ತಿರಲಿಲ್ಲ. ಆ ಸೂಲಗಿತ್ತಿ ತಾನು ಎತ್ತಿದ ಕೂಸುಗಳ ಕೂಸುಗಳನ್ನೂ ಅದೇ ಕೈಯಲ್ಲಿ ಎತ್ತಿದಳು. ಎತ್ತುವಾಗ ನಗುತ್ತಿದ್ದಳು.

ಕತೆ ಮುಗಿಯಿತು. ಶಿಷ್ಯೆ ಕಣ್ಣೊರೆಸಿಕೊಂಡಳು. "ನನಗೂ ಅಂಥ ಒಬ್ಬ ಅಜ್ಜಿ ಸಿಗಬೇಕಿತ್ತು ಗುರುಗಳೇ" ಎಂದಳು.

"ನಿನ್ನ ವಾರ್ಡಿನಲ್ಲಿ ಯಾರೂ ರಜೆ ಕೇಳುವುದಿಲ್ಲ ಎಂದೆಯಲ್ಲ ತಾಯಿ, ಅವರ ಅಜ್ಜಿ ಯಾರು?" ಎಂದರು ಗುರುಗಳು.